ಗೋಡೆಗೆ ಅಂಟಿಕೊಂಡ ಬೀಡಿನ ಪೈಪು: ಹಿಂಭಾಗ ಕತ್ತರಿಸಿದ್ದು ಹೀಗೆ

ಜಾಗ ಇದ್ದರೆ ಬೀಡಿನ (ಎರಕದ ಕಬ್ಬಿಣದ) ಪೈಪಿಗೆ ಚೈನ್ ಕಟರ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ಸರಪಳಿ ಸುತ್ತಿ ಬಿಗಿಸಿದರೆ ಟಕ್ ಅಂತ ತುಂಡಾಗುತ್ತದೆ. ಆದರೆ ಅದರ ಹಿಡಿ ಆಡಿಸಲು ಜಾಗ ಬೇಕಲ್ಲ! ನನಗೆ ಸಿಕ್ಕಿದ್ದು ಕಿರಿದಾದ ಶಾಫ್ಟಿನೊಳಗಿನ (ಪೈಪು ಇಳಿಯುವ ಗೂಡು) 4 ಇಂಚಿನ ಚರಂಡಿ ಪೈಪು. ಹಿಂದೆ ಗೋಡೆಗೂ ಪೈಪಿಗೂ ನಡುವೆ ಬೆರಳು ಕೂಡ ಹೋಗುತ್ತಿರಲಿಲ್ಲ. ಸಾಲದ್ದಕ್ಕೆ ಪೈಪು ಒಳಗೆ ತುಕ್ಕು ತಿಂದಿತ್ತು. ಅಂಥದ್ದಕ್ಕೆ ಸರಪಳಿ ಬಿಗಿದರೆ ನೇರವಾಗಿ ತುಂಡಾಗದೆ ಪುಡಿಯಾಗುವುದೇ ಜಾಸ್ತಿ.

ಮೊದಲು ಮೇಲಿನ ಪೈಪಿಗೆ ಆಸರೆ. ಕತ್ತರಿಸುವ ಜಾಗದ ಮೇಲೆ ಕ್ಲ್ಯಾಂಪ್ ಹಾಕಿ ಗಟ್ಟಿಯಾಗಿ ಕೂರಿಸಿದೆ. ಬೀಡು ತುಂಬಾ ಭಾರ. ಕೆಳಗಿನ ತುಂಡು ತೆಗೆದ ಕೂಡಲೇ ಮೇಲಿನದು ಜಾರಿದರೆ ಕೈ ಉಳಿಯುವುದಿಲ್ಲ. ಮೇಲಿನ ಮಹಡಿಯವರಿಗೆ ನೀರು ಬಿಡಬೇಡಿ ಅಂತ ಹೇಳುವುದು ಹೇಗೂ ಇದ್ದದ್ದೇ.

ಗುರುತಿಗೆ ಸ್ಕೇಲ್ ಬಳಸಲು ಆಗಲಿಲ್ಲ. ಹೋಸ್ ಕ್ಲಿಪ್ಪಿನ ಪಟ್ಟಿ ಬಿಚ್ಚಿ, ಪೈಪಿನ ಹಿಂದಿನಿಂದ ತೂರಿಸಿ ಬಿಗಿದೆ. ಅದರ ಅಂಚೇ ನೇರ ಗೆರೆ ಆಯಿತು.

ಕತ್ತರಿಸಿದ್ದು 3 ಇಂಚಿನ ಚಿಕ್ಕ ಗ್ರೈಂಡರ್‌ನಿಂದ, ಅದಕ್ಕೆ ಡೈಮಂಡ್ ವೀಲ್. ಮಾಮೂಲಿ ಕಲ್ಲಿನ ವೀಲ್ ಸವೆಯುತ್ತಾ ಚಿಕ್ಕದಾಗುತ್ತದೆ, ಆಳ ಬೇಕಾದ ಹೊತ್ತಿಗೇ ಮುಟ್ಟುವುದಿಲ್ಲ. ಸ್ವಲ್ಪ ಓರೆಯಾದರೆ ಒಡೆದು ಹಾರುವ ಭಯ ಬೇರೆ. ಡೈಮಂಡ್ ವೀಲ್‌ನ ಅಳತೆ ಅಷ್ಟಾಗಿ ಬದಲಾಗುವುದಿಲ್ಲ.

ಹಿಂಭಾಗವನ್ನು ಹೊರಗಿನಿಂದ ಮುಟ್ಟುವ ಆಸೆಯನ್ನೇ ಬಿಟ್ಟೆ. ಮುಂದೆ ಮೇಲೊಂದು, ಕೆಳಗೊಂದು ಅಡ್ಡ ಗೀರು, ಎರಡೂ ಪಕ್ಕದಲ್ಲಿ ಉದ್ದ ಗೀರು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಇಕ್ಕಳದಲ್ಲಿ ಆ ತುಂಡನ್ನು ಹೊರಕ್ಕೆ ಎಳೆದೆ. ಪೈಪಿಗೆ ಕಿಟಕಿ ಬಂತು. ಕೆಳಗಿನ ಬಾಯಿಗೆ ದಾರ ಕಟ್ಟಿದ ಬಟ್ಟೆ ತುರುಕಿದೆ. ಚೂರು ಒಳಗೆ ಬೀಳಬಾರದು, ಚರಂಡಿ ಗ್ಯಾಸೂ ಮೇಲೆ ಬರಬಾರದು. ಕಿಡಿ ಹಾರುವ ಕೆಲಸ ಅಲ್ವಾ?

ಆ ಕಿಟಕಿಯಿಂದ ಗ್ರೈಂಡರ್ ಒಳಗೆ ಹಾಕಿ ಹಿಂಗೋಡೆಯನ್ನು ಒಳಗಿನಿಂದ ಹೊರಕ್ಕೆ ಕೊಯ್ದೆ. ಮೇಲಿನ ಗೀರಿಗೆ ವೀಲ್ ಮೇಲಿರಬೇಕು, ಗ್ರೈಂಡರ್‌ನ ತಲೆ ಕಿಟಕಿಯ ಕಡೆ ಕೆಳಗಿರಬೇಕು. ಕೆಳಗಿನ ಗೀರಿಗೆ ತಿರುಗಿಸಿ ಹಿಡಿಯಬೇಕು. ಕಿಟಕಿ ಕಿರಿದಾದರೆ ತಲೆ ಹಿಡಿಸುವುದಿಲ್ಲ, ಹಾಗಾಗಿ ಅರ್ಧ ಅಡಿ ಎತ್ತರ ಬಿಟ್ಟಿದ್ದೆ. ಒತ್ತಬಾರದು, ವೀಲ್ ತಾನೇ ತಿನ್ನಲಿ. ಗೀರು ಆಚೆ ಬಂದಾಗ ಸದ್ದು ಬದಲಾಗುತ್ತದೆ, ಕೈಗೂ ಗೊತ್ತಾಗುತ್ತದೆ. ಕೊನೆಗೆ ಎಲ್ಲೋ ಒಂಚೂರು ಹಿಡಿದುಕೊಂಡಿದ್ದರೆ ಉಳಿ ಇಟ್ಟು ತಟ್ಟಿದರೆ ಸಾಕು. ಬೀಡು ಬಾಗುವುದಿಲ್ಲ, ಮುರಿಯುತ್ತದೆ.

ಕಪ್ಪು ಧೂಳು ವಿಪರೀತ. ಕನ್ನಡಕ, ಮಾಸ್ಕ್, ದಪ್ಪ ಕೈಗವಸು ಇಲ್ಲದೆ ಸುಮ್ನೆ ಕೈ ಹಾಕಬೇಡಿ. ಹಳೇ ಜಾಯಿಂಟಿನಲ್ಲಿ ಸೀಸ ಇರುತ್ತದೆ, ಗೀರನ್ನು ಅದರಿಂದ ದೂರ ಇಡಿ.

ತುಂಡು ತೆಗೆದ ಮೇಲೆ ಅಂಚುಗಳನ್ನು ಅರದಿಂದ ಉಜ್ಜಿದೆ. ಚೂಪಾಗಿದ್ದರೆ ಕಪ್ಲಿಂಗಿನ (ಎರಡು ಪೈಪು ಸೇರಿಸುವ ಜೋಡಣೆ) ರಬ್ಬರ್ ಹರಿಯುತ್ತದೆ. ಎರಡೂ ತುದಿಗೆ ಕಪ್ಲಿಂಗಿನ ರಬ್ಬರ್ ತೋಳು ಏರಿಸಿ ಹಿಂದಕ್ಕೆ ಮಡಚಿ, ಹೊಸ ತುಂಡು ನಡುವೆ ಕೂರಿಸಿ, ತೋಳಿನ ಮಡಿಕೆ ಬಿಡಿಸಿ ಸ್ಟೀಲ್ ಪಟ್ಟಿ ಬಿಗಿದೆ. ಪಟ್ಟಿಯ ಸ್ಕ್ರೂ ತಲೆಗಳನ್ನು ಮೊದಲೇ ಮುಂದಕ್ಕೆ ತಿರುಗಿಸಿಕೊಳ್ಳಿ, ಆಮೇಲೆ ಸ್ಪ್ಯಾನರ್ ಹೋಗುವುದಿಲ್ಲ. ಬಟ್ಟೆಯನ್ನು ಮಾತ್ರ ಹೊಸ ತುಂಡು ಕೂರಿಸುವ ಮೊದಲೇ ದಾರ ಹಿಡಿದು ಎಳೆದುಬಿಡಿ.