ಸಾಗವಾನಿ, ಕರಿಜಾಲಿ ಮತ್ತು ಕಿವಿ: ಕಟ್ಟಿಗೆಯ ಹೆಡ್‌ಫೋನ್ ಮಾಡಿ ಹೋಲಿಸಿದ ನನ್ನ ಅನುಭವ

ಕಲಬುರಗಿಯ ನಮ್ಮ ಹಳೆಯ ಮನೆಯ ಮಣ್ಣಿನ ಮಾಳಿಗೆಯನ್ನು ಇಳಿಸಿ ಸ್ಲ್ಯಾಬ್ ಹಾಕಿಸಿದಾಗ ಹೊರಬಂದ ಸಾಗವಾನಿ ಜಂತಿಗಳಲ್ಲಿ ಒಂದನ್ನು ಮಾತ್ರ ನಾನು ಮಾರಲು ಬಿಡಲಿಲ್ಲ. ಅದು ಅಜ್ಜ ಕಟ್ಟಿಸಿದ ಮನೆ. ಒಲೆಯ ಹೊಗೆ, ಬೇಸಿಗೆಯ ಕಾವು, ಶ್ರಾವಣದ ತೇವ ಎಲ್ಲವನ್ನೂ ಹತ್ತಾರು ವರ್ಷ ಉಂಡು ಆ ಕಟ್ಟಿಗೆ ಮಾಗಿತ್ತು. ಈಗ ಅದರ ಎರಡು ತುಂಡುಗಳು ನನ್ನ ಹೆಡ್‌ಫೋನಿನ, ಕಿವಿ ಮುಚ್ಚುವ ಕಪ್‌ಗಳಾಗಿವೆ. ಅವುಗಳ ಪಕ್ಕದಲ್ಲಿ ಕರಿಜಾಲಿಯ ಇನ್ನೊಂದು ಜೋಡಿಯೂ ಇದೆ. ಕಟ್ಟಿಗೆಯ ಜಾತಿಯೇ ನಾದವನ್ನು ನಿರ್ಧರಿಸುತ್ತದೆ ಎಂದು ನಂಬಿ ಈ ಕೆಲಸಕ್ಕೆ ಕೈಹಾಕಿದವನು ನಾನು. ಎರಡು ವರ್ಷಗಳ ನಂತರ ಆ ನಂಬಿಕೆ ನನ್ನಲ್ಲಿ ಅದೇ ರೂಪದಲ್ಲಿ ಉಳಿದಿಲ್ಲ.

ಈ ಗೀಳು ಹತ್ತಿದ್ದು ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಗೆಳೆಯನೊಬ್ಬ ಯುಗಾದಿಗೆ ಊರಿಗೆ ಬಂದಾಗ ತಂದಿದ್ದ ಮೆಝೆ 99 ಕ್ಲಾಸಿಕ್ಸ್ ಕೇಳಿದ ದಿನ. ರೊಮೇನಿಯಾದ ಕಂಪನಿಯೊಂದು ವಾಲ್‌ನಟ್ ಕಟ್ಟಿಗೆಯಲ್ಲಿ ಮಾಡುವ ಹೆಡ್‌ಫೋನ್ ಅದು. ಕಟ್ಟಿಗೆಯ ಹೆಡ್‌ಫೋನ್‌ಗಳ ಬಗ್ಗೆ ಓದುತ್ತಾ ಹೋದಂತೆ 1989ರಲ್ಲಿ ಸೋನಿ ಕಂಪನಿ ಜಪಾನಿನ ಝೆಲ್ಕೋವಾ ಮರದಿಂದ ಮಾಡಿದ ಎಂಡಿಆರ್-ಆರ್10 ಎದುರಾಯಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಹಾಗನಿಯನ್ನು ಕೊರೆಯುವ ಗ್ರಾಡೋ ಮನೆತನದ ಕಾರ್ಖಾನೆಯೂ, ಬಿದಿರಿನಿಂದ ಕಪ್ ಮಾಡಿದ ಡೆನಾನ್ ಕಂಪನಿಯ ಎಎಚ್-ಡಿ9200 ಕೂಡ ಎದುರಾದವು. ನನಗೆ ಧೈರ್ಯ ಬಂದದ್ದು ಮಾತ್ರ ಬೇರೊಂದು ಸಂಗತಿಯಿಂದ. ಇಂದು ಕೈಕೆಲಸದ ಕಟ್ಟಿಗೆ ಹೆಡ್‌ಫೋನ್‌ಗಳಿಗೆ ಹೆಸರಾದ ಷಿಕಾಗೋದ ಝಡ್‌ಎಂಎಫ್ ಸಂಸ್ಥೆ ಆರಂಭವಾದದ್ದು ಫಾಸ್ಟೆಕ್ಸ್ ಟಿ50ಆರ್‌ಪಿ ಎಂಬ ಸ್ಟುಡಿಯೋ ಹೆಡ್‌ಫೋನನ್ನು ಬಿಚ್ಚಿ ಮಾರ್ಪಡಿಸುವುದರಿಂದ. ಆ ಹೆಡ್‌ಫೋನ್ ನನ್ನ ಕೈಗೆಟುಕುವ ಬೆಲೆಯಲ್ಲಿತ್ತು. ಅದರ ಡ್ರೈವರ್, ಅಂದರೆ ಸದ್ದು ಹುಟ್ಟಿಸುವ ಭಾಗ, ಶಂಕುವಿನ ಆಕಾರದ್ದಲ್ಲ. ಆಯಸ್ಕಾಂತಗಳ ನಡುವೆ ತೆಳುವಾದ ಚಪ್ಪಟೆ ಪೊರೆಯೊಂದು ಕಂಪಿಸುತ್ತದೆ. ಪ್ಯಾಡ್ ತೆಗೆದು ತಿರುಪು ಬಿಚ್ಚಿದರೆ ಡ್ರೈವರ್ ಹಲಗೆಯ ಸಮೇತ ಹೊರಬರುತ್ತದೆ, ಪ್ಲಾಸ್ಟಿಕ್ ಕಪ್ ಬೇರೆಯಾಗುತ್ತದೆ. ಆ ಪ್ಲಾಸ್ಟಿಕ್ಕಿನ ಜಾಗದಲ್ಲಿ ಕಟ್ಟಿಗೆಯನ್ನು ಕೂರಿಸುವುದೇ ನನ್ನ ಯೋಜನೆಯಾಗಿತ್ತು. 50 ಓಮ್‌ನ ಈ ಡ್ರೈವರಿಗೆ ಫೋನಿನ ಶಕ್ತಿ ಸಾಲದಾದ್ದರಿಂದ ಒಂದು ಸಣ್ಣ ಆಂಪ್ಲಿಫೈಯರನ್ನೂ ಕೊಂಡೆ.

ಮೊದಲ ಜೋಡಿಗೆ ಜಂತಿಯನ್ನು ಮುಟ್ಟುವ ಮನಸ್ಸಾಗಲಿಲ್ಲ. ಕಟ್ಟಿಗೆ ಅಡ್ಡೆಯೊಂದರಲ್ಲಿ ಪೂರ್ತಿ ಒಣಗಿದ್ದೆಂದು ಹೇಳಿ ಕೊಟ್ಟ ಮಾವಿನ ತುಂಡನ್ನು ತಂದು, ಲಟ್ಟಣಿಗೆ ಮತ್ತು ತೊಟ್ಟಿಲ ಕಾಲು ಕಡೆಯುವ ಚಾಚಾ ಒಬ್ಬರ ಲೇತ್ ಯಂತ್ರದ ಮುಂದೆ ಇಟ್ಟೆ. ಅವರು ತುಂಡನ್ನು ಕೈಯಲ್ಲಿ ತೂಗಿ, ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, “ಇದು ಇನ್ನಾ ಹಸಿ ಅದ ತಮ್ಮಾ, ಬ್ಯಾಸಗ್ಯಾಗ ಬಾಯಿ ಬಿಡ್ತದ” ಎಂದರು. ನಾನು ಅವಸರ ಮಾಡಿದೆ, ಅವರು ಕಡೆದುಕೊಟ್ಟರು. ಫಾಲ್ಗುಣದಲ್ಲಿ ಮಾಡಿದ ಆ ಕಪ್‌ಗಳಲ್ಲಿ ಏಪ್ರಿಲ್ ಕೊನೆಗೆ ಒಂದು ವಿಚಿತ್ರ ಸದ್ದು ಕಾಣಿಸಿಕೊಂಡಿತು. ಡಗ್ಗಾದ ಗಂಭೀರ ಪೆಟ್ಟು ಬಿದ್ದಾಗಲೆಲ್ಲ ಎಡಗಿವಿಯಲ್ಲಿ ನೊಣ ಗುಂಯ್ಗುಟ್ಟಿದಂತೆ ಕೇಳಿಸುತ್ತಿತ್ತು. ಡ್ರೈವರಿನ ಪೊರೆ ಹರಿದಿರಬೇಕೆಂದು ಎರಡು ದಿನ ಮಂಕಾಗಿ ಕುಳಿತೆ. ಬಿಚ್ಚಿ ಬೆಳಕಿಗೆ ಹಿಡಿದಾಗ ತಿಳಿದದ್ದು, ಕಪ್ಪಿನ ಅಂಚಿನಿಂದ ತಳದವರೆಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ, ಅದರ ಎರಡು ತುಟಿಗಳು ಒಂದಕ್ಕೊಂದು ತಾಗಿ ನಡುಗುತ್ತಿವೆ ಎಂದು. ಕಟ್ಟಿಗೆ ನಾರಿನ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಅಡ್ಡಲಾಗಿ ಹೆಚ್ಚು ಕುಗ್ಗುತ್ತದೆ, ಅದರಲ್ಲಿಯೂ ವರ್ಷದ ಉಂಗುರಗಳ ಗುಂಟ ಕುಗ್ಗುವುದು ಮರದ ನಟ್ಟನಡುವಿನ ತಿರುಳಿನ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡು ಪಟ್ಟು ಇರುತ್ತದೆ. ನನ್ನ ತುಂಡಿನಲ್ಲಿ ತಿರುಳು ಸಹ ಸೇರಿಕೊಂಡಿತ್ತು. 42 ಡಿಗ್ರಿಯ ಒಣ ಬಿಸಿಲಿನ ಊರಿನಲ್ಲಿ ಅಂಥ ತುಂಡು ಸೀಳದೆ ಉಳಿಯಲು ಸಾಧ್ಯವಿರಲಿಲ್ಲ.

ಆಮೇಲೆ ಜಂತಿಯನ್ನು ಕೊಯ್ಯಿಸಿದೆ. ಒಳಗೆ ಮುರಿದು ಉಳಿದಿದ್ದ ಒಂದು ಹಳೆಯ ಮೊಳೆಯನ್ನು ಚಾಚಾ ಆಯಸ್ಕಾಂತ ಹಿಡಿದು ಹುಡುಕಿ ತೆಗೆದರು. ಮೇಲಿನ ಕಪ್ಪು ಪದರ ಹೋದ ಮೇಲೆ ಉಳಿಯ ತುದಿಯಿಂದ ಹೊನ್ನಿನ ಬಣ್ಣದ ಸಿಂಬೆಗಳು ಸುರುಳಿಯಾಗಿ ಉದುರತೊಡಗಿದವು, ಅಂಗಡಿಯ ತುಂಬ ಎಣ್ಣೆ ಮತ್ತು ತೊಗಲು ಕೂಡಿದಂಥ ಸಾಗವಾನಿಯ ವಾಸನೆ ತುಂಬಿತು. ಕರಿಜಾಲಿಯ ತುಂಡು ಸಿಕ್ಕಿದ್ದು ಬಂಡಿಯ ಗಾಲಿ ಮಾಡುತ್ತಿದ್ದ ಬಡಿಗರ ಮನೆಯ ಹಿತ್ತಲಿನಲ್ಲಿ. ಗಾಲಿಯ ನಡುವಿನ ಗುಂಭಕ್ಕೆಂದು ಅವರು ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸಿಟ್ಟಿದ್ದ ಕಟ್ಟಿಗೆ ಅದು. ಸಾಗವಾನಿ ಘನ ಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಕರಿಜಾಲಿ 800 ಕಿಲೋ ದಾಟುತ್ತದೆ. ಉಳಿಯನ್ನು ಮತ್ತೆ ಮತ್ತೆ ಮಸೆಯಬೇಕಾಯಿತು.

ಕಪ್ಪಿನ ಒಳಗಿನ ತೋಡು ಹೇಗಿರಬೇಕೆಂಬುದರಲ್ಲಿಯೇ ನಿಜವಾದ ವಿದ್ಯೆಯಿದೆ ಎಂದು ನನಗೆ ತಿಳಿದದ್ದು ಈ ಹಂತದಲ್ಲಿ. ಡ್ರೈವರ್ ಕಿವಿಯ ಕಡೆಗೆ ಎಷ್ಟು ಸದ್ದು ಕಳಿಸುತ್ತದೋ ಬೆನ್ನಿನ ಕಡೆಗೂ ಅಷ್ಟನ್ನೇ ಕಳಿಸುತ್ತದೆ. ಹಿಂದಿನ ಗೋಡೆ ಡ್ರೈವರಿಗೆ ಸಮಾನಾಂತರವಾಗಿ 35 ಮಿಲಿಮೀಟರ್ ದೂರದಲ್ಲಿದ್ದರೆ, ಅರ್ಧ ಅಲೆ ಆ ಅಂತರದಲ್ಲಿ ಸರಿಯಾಗಿ ಕೂರುವ 4,900 ಹರ್ಟ್ಸ್ ಆಸುಪಾಸಿನಲ್ಲಿ ಸದ್ದು ಹೋಗಿಬಂದು ಅಲ್ಲಿಯೇ ನಿಂತುಬಿಡುತ್ತದೆ. ತಾಳದ ಅಂಚು, ‘ಸ’ಕಾರದ ಚೂಪು ಇರುವುದು ಇದೇ ಸೀಮೆಯಲ್ಲಿ. ಮೊದಲ ಸಾಗವಾನಿ ಕಪ್ಪಿನಲ್ಲಿ ತಾಳ ಚುಚ್ಚುತ್ತಿದ್ದುದಕ್ಕೆ ಕಟ್ಟಿಗೆಯ ದೋಷ ಕಾರಣವಾಗಿರಲಿಲ್ಲ, ಚಪ್ಪಟೆ ತಳವೇ ಕಾರಣವಾಗಿತ್ತು. ತಳವನ್ನು ಬಟ್ಟಲಿನಂತೆ ಓರೆಯಾಗಿ ತೋಡಿಸಿ ಒಳಗೆ ಸದ್ದು ಹೀರುವ ಪದರವನ್ನು ಹಾಕಿದೆ. ಹತ್ತಿ, ಸ್ಪಂಜು, ಅಂಗಡಿಯ ಫೆಲ್ಟ್ ಎಲ್ಲವನ್ನೂ ನೋಡಿದ ಮೇಲೆ ಕೊನೆಗೆ ಕೈಹಿಡಿದದ್ದು ನಮ್ಮ ಕಡೆಯ ಕರಿ ಕಂಬಳಿಯ ತುಂಡು. ಕುರಿಯ ಒರಟು ಉಣ್ಣೆ ಚೂಪು ಸದ್ದನ್ನು ಹೀರಿಕೊಂಡು ಗಂಭೀರ ಸದ್ದನ್ನು ಬಿಟ್ಟುಕೊಡುತ್ತದೆ. ಒಂದು ಪದರ ಹೆಚ್ಚಾದರೂ ಹಾಡಿನ ಜೀವ ಬತ್ತುತ್ತದೆ, ಒಂದು ಪದರ ಕಡಿಮೆಯಾದರೆ ಕಪ್ ಕೊಡದಂತೆ ಗುಮ್ಮೆನ್ನುತ್ತದೆ. ಈ ತೂಗಾಟದಲ್ಲಿ ನಾನು ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ.

ಹೋಲಿಕೆಗೆ ನಾವು ನಾಲ್ವರು ಸೇರುತ್ತಿದ್ದೆವು: ನಾನು, ಬೆಂಗಳೂರಿನ ಗೆಳೆಯ, ತಬಲಾ ಕಲಿಸುವ ಮಾಸ್ತರರೊಬ್ಬರು, ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಮ್ಮ ಓಣಿಯ ಸರ್. ಬೇಸಿಗೆಯಲ್ಲಿ ಫ್ಯಾನು, ಕೂಲರುಗಳ ಸದ್ದಿನ ನಡುವೆ ಸೂಕ್ಷ್ಮವಾಗಿ ಕೇಳುವುದು ಆಗದ ಮಾತು. ಅವನ್ನು ನಿಲ್ಲಿಸಿದರೆ ಹತ್ತು ನಿಮಿಷ ಕೂರುವುದೂ ಕಷ್ಟ. ಹಾಗಾಗಿ ಬೆಳಗಿನ ಐದು ಗಂಟೆಗೆ ಕೂರುವ ರೂಢಿ ಮಾಡಿಕೊಂಡೆವು. ಕೇಳಲು ಆರಿಸಿಕೊಂಡದ್ದು ಪೇಟೆಯ ಯಾವುದೋ ಮುದ್ರಣವನ್ನಲ್ಲ. ಆಳಂದ ತಾಲ್ಲೂಕಿನ ಹಳ್ಳಿಯೊಂದರ ಮಠದಲ್ಲಿ ನಡೆದ ತತ್ವಪದದ ಭಜನೆಯನ್ನು ನಾನೇ, ನನ್ನ ತಲೆಯಿದ್ದ ಜಾಗದಲ್ಲಿಯೇ ರೆಕಾರ್ಡರ್ ಇಟ್ಟು ಹಿಡಿದಿದ್ದೆ. ಏಕತಾರಿ, ತಾಳ, ಹಾರ್ಮೋನಿಯಂ, ಡಗ್ಗಾ ಯಾವ್ಯಾವ ದಿಕ್ಕಿನಲ್ಲಿದ್ದವು, ಹಾಡುವ ಅಜ್ಜ ಪಲ್ಲವಿಗೆ ಮೊದಲು ಎಷ್ಟು ಉಸಿರೆಳೆದುಕೊಂಡರು ಎಂಬುದು ನನ್ನ ನೆನಪಿನಲ್ಲಿತ್ತು. ಮೂಲವನ್ನು ಕೇಳಿರದವನು ಹೆಡ್‌ಫೋನನ್ನು ಇಷ್ಟ, ಇಷ್ಟವಿಲ್ಲ ಎನ್ನಬಲ್ಲನೇ ಹೊರತು ಸರಿ, ತಪ್ಪು ಎನ್ನಲಾರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸದ್ದಿನ ಮಟ್ಟವನ್ನು ಸಮ ಮಾಡುವುದನ್ನು ಸರ್ ನಮಗೆ ಬಿಡದೆ ಕಲಿಸಿದರು. ಒಂದು ಹೆಡ್‌ಫೋನ್ ಇನ್ನೊಂದಕ್ಕಿಂತ ಒಂದೇ ಡೆಸಿಬೆಲ್ ಜೋರಾಗಿದ್ದರೂ ಕಿವಿ ಅದನ್ನು ಜೋರು ಎನ್ನುವುದಿಲ್ಲ, ಸ್ಪಷ್ಟ ಎನ್ನುತ್ತದೆ. ಹಲಗೆಯೊಂದಕ್ಕೆ ತೂತು ಕೊರೆದು, ಅದರಲ್ಲಿ ಸಣ್ಣ ಮೈಕನ್ನು ಮಟ್ಟಸವಾಗಿ ಕೂರಿಸಿ, ಪ್ಯಾಡನ್ನು ಅದರ ಮೇಲಿಟ್ಟು, ಮಳೆಯ ಸದ್ದಿನಂಥ ಸಮಪ್ರಮಾಣದ ಗದ್ದಲವನ್ನು ನುಡಿಸಿ ಪ್ರತಿಯೊಂದರ ಮಟ್ಟವನ್ನು ಗುರುತು ಹಾಕಿಕೊಂಡೆವು. ಹಾಗೆ ಮಾಡಿದ ದಿನವೇ ನಮ್ಮ ಹಳೆಯ ತೀರ್ಪುಗಳಲ್ಲಿ ಅರ್ಧ ಬಿದ್ದುಹೋದವು.

ಮೆಝೆಯ ಜೊತೆಗೆ ಗೆಳೆಯ ತನ್ನ ಪರಿಚಯದವರಿಂದ ಡೆನಾನ್ ಎಎಚ್-ಡಿ7200 ಮತ್ತು ಮಹಾಗನಿಯ ಗ್ರಾಡೋ ಆರ್‌ಎಸ್2ಇ ಎರಡನ್ನೂ ಒಂದು ವಾರದ ಮಟ್ಟಿಗೆ ತಂದಿದ್ದ. ಗ್ರಾಡೋದ ಬೆನ್ನು ತೆರೆದದ್ದು. ಅಲ್ಲಿ ಕಟ್ಟಿಗೆ ಒಂದು ಬಳೆಯಂತೆ ಡ್ರೈವರನ್ನು ಹಿಡಿದಿರುತ್ತದೆಯೇ ವಿನಾ ಸದ್ದನ್ನು ಮುಚ್ಚಿಡುವುದಿಲ್ಲ. ಏಕತಾರಿಯ ಮೀಟು ಅದರಲ್ಲಿ ಬೆರಳಿನ ಉಗುರು ಕಾಣುವಷ್ಟು ಹತ್ತಿರ ಬಂದಿತು, ಡಗ್ಗಾ ಮಾತ್ರ ಹಗುರವಾಯಿತು. ಪಕ್ಕದಲ್ಲಿ ಕುಳಿತವರಿಗೂ ಭಜನೆ ಕೇಳಿಸುತ್ತಿತ್ತು. ನನ್ನ ಕಣ್ಣು ತೆರೆಸಿದ್ದು ಉಳಿದ ಎರಡು. ಮೆಝೆಯೂ ವಾಲ್‌ನಟ್, ಡೆನಾನ್ ಕೂಡ ವಾಲ್‌ನಟ್. ಆದರೆ ಮೊದಲನೆಯದರಲ್ಲಿ 40 ಮಿಲಿಮೀಟರಿನ ಡ್ರೈವರ್, ಎರಡನೆಯದರಲ್ಲಿ 50 ಮಿಲಿಮೀಟರಿನದು. ತೋಡಿನ ಗಾತ್ರ ಬೇರೆ, ಪ್ಯಾಡಿನ ಆಳ ಬೇರೆ. ಮೆಝೆಯಲ್ಲಿ ಅಜ್ಜನ ದನಿ ಎದೆಯಿಂದ ಬಂದಂತೆ ಬೆಚ್ಚಗಿತ್ತು. ಡೆನಾನ್‌ನಲ್ಲಿ ಮಠದ ಅಂಕಣ ಅಗಲವಾಯಿತು, ಡಗ್ಗಾ ಇನ್ನೂ ಕೆಳಗಿಳಿಯಿತು, ತಾಳ ಹೆಚ್ಚು ಹೊಳೆಯಿತು. ಒಂದೇ ಜಾತಿಯ ಕಟ್ಟಿಗೆಯ ಎರಡು ಹೆಡ್‌ಫೋನ್‌ಗಳು ಇಷ್ಟು ದೂರವಿರುವಾಗ ವಾಲ್‌ನಟ್‌ನ ನಾದ ಎಂಬ ಮಾತಿಗೆ ಅರ್ಥವೇನು ಎಂದು ಅಂದು ನನಗೆ ನಾನೇ ಕೇಳಿಕೊಂಡೆ.

ಅದಕ್ಕೆ ಉತ್ತರ ನಮ್ಮ ಎರಡು ಜೋಡಿಗಳಲ್ಲಿಯೇ ಸಿಕ್ಕಿತು. ಸಾಗವಾನಿಯೇ ಇಂಪು, ಕರಿಜಾಲಿ ಸ್ವಲ್ಪ ಬಿರುಸು ಎಂದು ನಾವು ನಾಲ್ವರೂ ಒಪ್ಪಿದ್ದೆವು. ಎರಡರ ಡ್ರೈವರುಗಳನ್ನು ಅದಲುಬದಲು ಮಾಡಿ ಮತ್ತೆ ಕೇಳಿ ಎಂದರು ಸರ್. ಮಾಡಿದೆವು. ಈ ಸಲ ಕರಿಜಾಲಿ ಇಂಪಾಯಿತು! ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಡ್ರೈವರುಗಳ ನಡುವಿನ ಸಣ್ಣ ವ್ಯತ್ಯಾಸವನ್ನು ನಾವು ಕಟ್ಟಿಗೆಯ ಗುಣವೆಂದು ಹಾಡಿ ಹೊಗಳಿದ್ದೆವು. ಬಳಿಕ ತೋಡಿನಲ್ಲಿ ಅಕ್ಕಿ ತುಂಬಿ ಅಳೆದು ಎರಡರ ಒಳಗಾತ್ರವನ್ನು ಸಮ ಮಾಡಿ, ಕಂಬಳಿಯನ್ನು ತೂಕ ಹಾಕಿ ಸಮವಾಗಿ ಹಚ್ಚಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೇಳಿದಾಗ ನಮ್ಮ ಊಹೆಗಳಲ್ಲಿ ಸರಿಯೂ ತಪ್ಪೂ ಹೆಚ್ಚು ಕಡಿಮೆ ಸಮನಾಗಿ ಬಂದವು. ಮಾಸ್ತರರು ಮಾತ್ರ ಕರಿಜಾಲಿಯನ್ನು ಹಲವು ಸಲ ಸರಿಯಾಗಿ ಹೇಳಿದರು. ಅದು ತಲೆಯ ಮೇಲಿನ ಭಾರದಿಂದ ಗೊತ್ತಾಯಿತೆಂದು ಅವರೇ ತಿಳಿಸಿದರು.

ಹಾಗೆಂದು ಕಟ್ಟಿಗೆಗೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. ಪ್ರಯೋಗಕ್ಕೆಂದು 4 ಮಿಲಿಮೀಟರಿನಷ್ಟು ತೆಳುವಾಗಿ ಕಡೆಸಿದ ಸಾಗವಾನಿ ಕಪ್ಪನ್ನು ಹೊರಗಿನಿಂದ ಮುಟ್ಟಿದರೆ ಡಗ್ಗಾದ ಪೆಟ್ಟು ಬೆರಳಿಗೆ ತಿಳಿಯುತ್ತಿತ್ತು, ಕೇಳುವಾಗ ಹಾಡಿನ ಹಿಂದೆ ಒಂದು ಮಬ್ಬು ಉಳಿಯುತ್ತಿತ್ತು. 8 ಮಿಲಿಮೀಟರಿನ ಗೋಡೆಯಲ್ಲಿ ಅದು ಇಲ್ಲವಾಯಿತು. ಕಟ್ಟಿಗೆ ತನ್ನ ಕಂಪನವನ್ನು ತಾನೇ ಬೇಗ ನುಂಗಿಕೊಳ್ಳುತ್ತದೆ, ಬಾಗುವ ಗೋಡೆಯನ್ನು ಬೇಕಾದ ದಪ್ಪದಲ್ಲಿ ತೋಡಲು ಒಗ್ಗುತ್ತದೆ, ಅಷ್ಟೊಂದು ದಪ್ಪವಿದ್ದರೂ ಲೋಹದಷ್ಟು ಭಾರವಾಗುವುದಿಲ್ಲ. ಅದರ ದೊಡ್ಡ ಉಪಕಾರ ಇದೇ.

ಹೊಳಪಿನ ಕೆಲಸದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕುದಿಸಿದ ಅಗಸಿ ಎಣ್ಣೆಯನ್ನು ತೆಳುವಾಗಿ ಮೂರು ಸಲ ಒರೆಸಿದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳಬಲ್ಲದು. ಹರವಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು. ಸಾಗವಾನಿಗೆ ಅಂಟು ಹಚ್ಚುವ ಮುನ್ನ ಅದರ ಸಹಜ ಎಣ್ಣೆಯನ್ನು ಸ್ಪಿರಿಟ್‌ನಿಂದ ಒರೆಸದಿದ್ದರೆ ಹಿಡಿತ ನಿಲ್ಲುವುದಿಲ್ಲ.

ಕಳೆದ ಕಾರ್ತಿಕದಲ್ಲಿ ಸಾಗವಾನಿ ಜೋಡಿಯನ್ನು ಆ ಹಳ್ಳಿಗೆ ಒಯ್ದು ಹಾಡಿದ ಅಜ್ಜನ ಕಿವಿಗೇ ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಪದ ಕೇಳಿದರು. “ಏಕತಾರಿ ನಂದೇ ಅದ. ಆದ್ರ ಡಗ್ಗಾ ಬಾರ್ಸಾಂವ ನನ್ನ ಹಿಂದ ಕುಂತಿದ್ನಪಾ, ಇದ್ರಾಗ ಮುಂದ ಬಂದು ಕುಂತಾನ” ಎಂದರು. ಮನೆಗೆ ಬಂದವನೇ ಎರಡೂ ಕಪ್‌ಗಳ ಬದಿಯಲ್ಲಿದ್ದ 2 ಮಿಲಿಮೀಟರಿನ ಗಾಳಿರಂಧ್ರಕ್ಕೆ ಕಂಬಳಿಯ ಸಣ್ಣ ಬಿರಡೆ ಹಾಕಿ, ಒಂದೊಂದೇ ಎಳೆ ಕಿತ್ತು ನೋಡುತ್ತಾ ಹೋದೆ. ಮೂರನೆಯ ಮುಂಜಾನೆ ಡಗ್ಗಾ ಅಜ್ಜನ ಬೆನ್ನ ಹಿಂದೆ ಸರಿಯಿತು. ಆ ಬಿರಡೆಗಳನ್ನು ಅಂದಿನಿಂದ ಮುಟ್ಟಿಲ್ಲ.