ಐಪಿ ಅಡ್ರೆಸ್ಸಿನಿಂದ ಹೆಸರು ತೆಗೆಯುವುದು: ಸಿ ಬರೆಯುವವರಿಗೆ ಗೆಟ್‌ನೇಮ್‌ಇನ್ಫೋ

ಸಿ ಭಾಷೆಯಲ್ಲಿ ಒಂದು ಸಣ್ಣ ಸರ್ವರ್ ಬರೆದಿದ್ದೀರಿ ಅಂದುಕೊಳ್ಳಿ. ಯಾರೋ ಕನೆಕ್ಟ್ ಆದರು, ಆಕ್ಸೆಪ್ಟ್ ಕಾಲ್ ಮುಗಿಯಿತು, ಬಂದವರ ಅಡ್ರೆಸ್ ಒಂದು ಸ್ಟ್ರಕ್ಚರಿನಲ್ಲಿ ಬರೀ ಬೈಟುಗಳಾಗಿ ಕೂತಿದೆ. ಅದನ್ನು ಮನುಷ್ಯರು ಓದುವ ಹಾಗೆ ಲಾಗಿನಲ್ಲಿ ಬರೆಯಬೇಕು, ಅಲ್ವಾ?

ಹಳೆಯ ಪುಸ್ತಕ ತೆಗೆದರೆ ಹೋಸ್ಟ್ ಹೆಸರಿಗೆ ಗೆಟ್‌ಹೋಸ್ಟ್‌ಬೈಅಡ್ರ್, ಪೋರ್ಟ್ ಹೆಸರಿಗೆ ಗೆಟ್‌ಸರ್ವ್‌ಬೈಪೋರ್ಟ್ ಅಂತ ಇರುತ್ತದೆ. ಅವೆರಡನ್ನೂ ಬಿಟ್ಟುಬಿಡಿ. ಉತ್ತರವನ್ನು ಲೈಬ್ರರಿಯೊಳಗಿನ ಸ್ಟ್ಯಾಟಿಕ್ ಜಾಗದಲ್ಲಿಟ್ಟು ಪಾಯಿಂಟರ್ ಕೊಡುವ ಫಂಕ್ಷನ್‌ಗಳು ಅವು. ಎರಡು ಥ್ರೆಡ್ ಒಟ್ಟಿಗೆ ಕೇಳಿದರೆ ಒಬ್ಬರ ಉತ್ತರದ ಮೇಲೆ ಇನ್ನೊಬ್ಬರದ್ದು ಬಂದು ಕೂರುತ್ತದೆ. ಗೆಟ್‌ಹೋಸ್ಟ್‌ಬೈಅಡ್ರ್ ಅನ್ನು ಯುನಿಕ್ಸ್ ಬಗೆಯ ಸಿಸ್ಟಮ್‌ಗಳ ಸ್ಟ್ಯಾಂಡರ್ಡ್ ಆದ ಪಾಸಿಕ್ಸ್‌ನವರು 2008ರ ಆವೃತ್ತಿಯಿಂದಲೇ ತೆಗೆದುಹಾಕಿದ್ದಾರೆ. ಈಗ ಬಳಸಬೇಕಾದದ್ದು ಗೆಟ್‌ನೇಮ್‌ಇನ್ಫೋ. ಐಪಿವಿ4, ಐಪಿವಿ6 ಎರಡಕ್ಕೂ ಒಂದೇ ಕಾಲ್, ಹೋಸ್ಟ್ ಮತ್ತು ಸರ್ವಿಸ್ ಎರಡೂ ಒಂದೇ ಸಲಕ್ಕೆ ಸಿಗುತ್ತವೆ.

ಏಳು ಆರ್ಗ್ಯುಮೆಂಟ್ ಇವೆ, ಹೆದರಬೇಡಿ. ಅಡ್ರೆಸ್ಸಿನ ಪಾಯಿಂಟರ್, ಅದರ ಅಳತೆ, ಹೋಸ್ಟ್ ಬಫರ್, ಅದರ ಅಳತೆ, ಸರ್ವಿಸ್ ಬಫರ್, ಅದರ ಅಳತೆ, ಕೊನೆಗೆ ಫ್ಲ್ಯಾಗ್. ಹೋಸ್ಟ್, ಸರ್ವಿಸ್ ಎರಡರಲ್ಲಿ ಒಂದು ಬೇಡವಾದರೆ ಅಲ್ಲಿ ನಲ್ ಮತ್ತು ಸೊನ್ನೆ ಕೊಡಿ. ಎರಡೂ ಬೇಡ ಅಂದರೆ ಎರರ್ ಬರುತ್ತದೆ. ಬಫರ್ ಎಷ್ಟು ದೊಡ್ಡದಿರಬೇಕು ಅಂತ ಯೋಚನೆ ಬೇಡ, ಎನ್‌ಐ_ಮ್ಯಾಕ್ಸ್‌ಹೋಸ್ಟ್ ಅಂದರೆ 1025, ಎನ್‌ಐ_ಮ್ಯಾಕ್ಸ್‌ಸರ್ವ್ ಅಂದರೆ 32. ಕಂಪೈಲರಿಗೆ ಕಟ್ಟುನಿಟ್ಟಾಗಿ ಸಿ99 ಅಂತ ಹೇಳಿದ್ದರೆ ಗ್ಲಿಬ್‌ಸಿ (ಲಿನಕ್ಸಿನ ಸಿ ಲೈಬ್ರರಿ) ಈ ಎರಡು ಮ್ಯಾಕ್ರೋಗಳನ್ನು ತೋರಿಸುವುದಿಲ್ಲ. ಆಗ ಫೈಲಿನ ಮೇಲ್ಗಡೆ, ಯಾವ ಹೆಡರಿಗೂ ಮೊದಲು, _ಡಿಫಾಲ್ಟ್_ಸೋರ್ಸ್ ಡಿಫೈನ್ ಮಾಡಿ.

ತಪ್ಪಾಗುವುದು ಜಾಸ್ತಿ ಎರಡನೆಯ ಆರ್ಗ್ಯುಮೆಂಟಿನಲ್ಲಿ. ಅಡ್ರೆಸ್ ಇಡಲು ಸಾಕ್‌ಅಡ್ರ್_ಸ್ಟೋರೇಜ್ ಬಳಸಿ, ಅದರಲ್ಲಿ ಎರಡೂ ಬಗೆಯವು ಹಿಡಿಸುತ್ತವೆ. ಪ್ರತಿ ಆಕ್ಸೆಪ್ಟ್‌ಗೆ ಮೊದಲು ಅಳತೆಯ ವೇರಿಯಬಲ್‌ಗೆ ಸ್ಟೋರೇಜಿನ ಪೂರ್ತಿ ಅಳತೆ ಮತ್ತೆ ಹಾಕಿ, ಯಾಕೆಂದರೆ ಆಕ್ಸೆಪ್ಟ್ ವಾಪಸ್ ಬರುವಾಗ ಅದನ್ನು ತಿದ್ದಿರುತ್ತದೆ. ಲೂಪಿನ ಹೊರಗೆ ಒಂದೇ ಸಲ ಹಾಕಿ, ಅದೇ ವೇರಿಯಬಲ್ಲಿನಿಂದ ಐಪಿವಿ4 ಸಾಕೆಟ್, ಐಪಿವಿ6 ಸಾಕೆಟ್ ಎರಡನ್ನೂ ನೋಡಿಕೊಂಡರೆ ಒಂದು ದಿನ ಅದು ಐಪಿವಿ4ರ 16ಕ್ಕೆ ಇಳಿದು, ಮುಂದೆ ಬರುವ 28 ಬೈಟಿನ ಐಪಿವಿ6 ಅಡ್ರೆಸ್ ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಗೆಟ್‌ನೇಮ್‌ಇನ್ಫೋಗೆ ಕೊಡಬೇಕಾದದ್ದು ಆಕ್ಸೆಪ್ಟ್ ತಿದ್ದಿಕೊಟ್ಟ ಅಳತೆ. ಲಿನಕ್ಸಿನ ಗ್ಲಿಬ್‌ಸಿ ಅಳತೆ ಜಾಸ್ತಿಯಾದರೆ ಸುಮ್ಮನಿರುತ್ತದೆ, ಆದರೆ ಬಿಎಸ್‌ಡಿ ಕಡೆ ಇದಕ್ಕೆ ಎರರ್ ಕೊಡುವುದುಂಟು.

ಸುಮ್ನೆ ಪರೀಕ್ಷೆ ಮಾಡಲು ಅಡ್ರೆಸ್ ನೀವೇ ತುಂಬಿ ನೋಡಿ. ಸಾಕ್‌ಅಡ್ರ್_ಇನ್ ಸ್ಟ್ರಕ್ಚರನ್ನು ಮೆಮ್‌ಸೆಟ್‌ನಿಂದ ಸೊನ್ನೆ ಮಾಡಿ, ಫ್ಯಾಮಿಲಿ ಎಎಫ್_ಐನೆಟ್, ಐನೆಟ್_ಪಿಟಾನ್ (ಅಂಕಿಯ ಅಡ್ರೆಸ್ಸನ್ನು ಬೈಟುಗಳಾಗಿಸುವ ಫಂಕ್ಷನ್) ಮೂಲಕ 8.8.8.8, ಪೋರ್ಟ್‌ಗೆ ಎಚ್‌ಟಾನ್ಸ್ (ಬೈಟುಗಳನ್ನು ನೆಟ್‌ವರ್ಕಿನ ಕ್ರಮಕ್ಕೆ ತರುವ ಫಂಕ್ಷನ್) ಒಳಗೆ 53. ಫ್ಲ್ಯಾಗ್ ಸೊನ್ನೆ ಕೊಟ್ಟು ಕರೆದರೆ ಹೋಸ್ಟ್ ಬಫರಿನಲ್ಲಿ ಡಿಎನ್‌ಎಸ್.ಗೂಗಲ್, ಸರ್ವಿಸ್ ಬಫರಿನಲ್ಲಿ ಡೊಮೈನ್ ಅಂತ ಬರುತ್ತದೆ. ಡೊಮೈನ್ ಬದಲು 13568 ಅಂತ ಬಂತಾ? ಎಚ್‌ಟಾನ್ಸ್ ಮರೆತಿದ್ದೀರಿ. ಇಂಟೆಲ್ ಮಷೀನಿನಲ್ಲಿ 53ರ ಎರಡು ಬೈಟು ಅದಲುಬದಲಾದರೆ ಸಿಗುವುದು ಅದೇ ಸಂಖ್ಯೆ.

ಒಳಗೆ ಏನಾಗುತ್ತದೆ ಗೊತ್ತಿರಲಿ. ಲಿನಕ್ಸಿನಲ್ಲಿ ಮೊದಲು ಎನ್‌ಎಸ್‌ಸ್ವಿಚ್.ಕಾನ್ಫ್ ಫೈಲಿನ ಹೋಸ್ಟ್ಸ್ ಸಾಲು ನೋಡುತ್ತದೆ. ಸಾಮಾನ್ಯವಾಗಿ ಅಲ್ಲಿ /ಇಟಿಸಿ/ಹೋಸ್ಟ್ಸ್ ಮೊದಲು, ಡಿಎನ್‌ಎಸ್ (ಇಂಟರ್ನೆಟ್ಟಿನ ಹೆಸರು-ಅಡ್ರೆಸ್ ವ್ಯವಸ್ಥೆ) ಆಮೇಲೆ. ಡಿಎನ್‌ಎಸ್ ಕೇಳುವಾಗ ಅಡ್ರೆಸ್ ತಿರುಗಿಸಿ ಕೇಳುತ್ತದೆ: 192.0.2.10 ಅಂದರೆ 10.2.0.192.ಇನ್-ಅಡ್ರ್.ಆರ್ಪಾ ಹೆಸರಿಗೆ ಪಿಟಿಆರ್ ರೆಕಾರ್ಡ್ (ಅಡ್ರೆಸ್ಸಿನಿಂದ ಹೆಸರು ಹೇಳುವ ನಮೂದು) ಇದೆಯಾ ಅಂತ. ಬಹಳಷ್ಟು ಅಡ್ರೆಸ್ಸುಗಳಿಗೆ ಇರುವುದೇ ಇಲ್ಲ. ಆಗಲೂ ಗೆಟ್‌ನೇಮ್‌ಇನ್ಫೋ ಸೊನ್ನೆಯನ್ನೇ ವಾಪಸ್ ಕೊಟ್ಟು, ಹೋಸ್ಟ್ ಬಫರಿನಲ್ಲಿ ಅಂಕಿಯ ಅಡ್ರೆಸ್ ತುಂಬಿಬಿಡುತ್ತದೆ! ಅಂದರೆ ಸಕ್ಸೆಸ್ ಬಂತು ಅಂದ ಮಾತ್ರಕ್ಕೆ ಹೆಸರು ಸಿಕ್ಕಿತು ಅಂತಲ್ಲ. ಹೆಸರೇ ಬೇಕು, ಇಲ್ಲದಿದ್ದರೆ ಎರರ್ ಕೊಡು ಅನ್ನಬೇಕಾದರೆ ಎನ್‌ಐ_ನೇಮ್‌ರೆಕ್‌ಡಿ ಫ್ಲ್ಯಾಗ್ ಹಾಕಿ.

ಸಮಯದ್ದೇ ದೊಡ್ಡ ತಲೆನೋವು. ಈ ಕಾಲ್ ಬ್ಲಾಕ್ ಆಗುತ್ತದೆ. ಡಿಎನ್‌ಎಸ್ ಸರ್ವರ್ ಉತ್ತರಿಸದಿದ್ದರೆ ಗ್ಲಿಬ್‌ಸಿ ರಿಸಾಲ್ವರ್ ಡೀಫಾಲ್ಟಾಗಿ 5 ಸೆಕೆಂಡ್ ಕಾದು, ಇನ್ನೊಮ್ಮೆ ಕೇಳುತ್ತದೆ. ಒಂದೇ ಥ್ರೆಡ್ಡಿನ ಸರ್ವರ್ ಆದರೆ ಅಷ್ಟು ಹೊತ್ತೂ ಬೇರೆ ಕ್ಲೈಂಟ್‌ಗಳೆಲ್ಲ ಕಾಯಬೇಕು, ಅದೂ ಲಾಗಿನ ಒಂದು ಸಾಲಿಗೋಸ್ಕರ. ನನ್ನ ಪ್ರಕಾರ ರಿಕ್ವೆಸ್ಟಿನ ದಾರಿಯಲ್ಲಿ ಹೆಸರು ಕೇಳಲೇಬಾರದು. ಎನ್‌ಐ_ನ್ಯೂಮೆರಿಕ್‌ಹೋಸ್ಟ್, ಎನ್‌ಐ_ನ್ಯೂಮೆರಿಕ್‌ಸರ್ವ್ ಎರಡನ್ನೂ ಆರ್ ಮಾಡಿ ಕೊಡಿ, ಅಂಕಿಗಳನ್ನೇ ಬರೆಯಿರಿ. ಹೆಸರು ಬೇಕಾದವರು ಆಮೇಲೆ ಲಾಗ್ ಓದುವ ಪ್ರೋಗ್ರಾಮಿನಲ್ಲೋ ಬೇರೆ ಥ್ರೆಡ್ಡಿನಲ್ಲೋ ತೆಗೆದುಕೊಳ್ಳಲಿ. ಅಂಕಿ ಬರೆಯಲೂ ಇದೇ ಫಂಕ್ಷನ್ ಒಳ್ಳೆಯದು: ಐಪಿವಿ6 ಲಿಂಕ್-ಲೋಕಲ್ ಅಡ್ರೆಸ್ (ಒಂದೇ ಲೋಕಲ್ ನೆಟ್‌ವರ್ಕಿನೊಳಗೆ ಮಾತ್ರ ನಡೆಯುವುದು) ಆದರೆ ಕೊನೆಗೆ ಇಂಟರ್‌ಫೇಸ್ ಹೆಸರನ್ನೂ ಸೇರಿಸಿ ಕೊಡುತ್ತದೆ, ಬೈಟುಗಳನ್ನು ಅಂಕಿಯ ಅಡ್ರೆಸ್ ಮಾಡುವ ಐನೆಟ್_ಎನ್‌ಟಾಪ್ ಕೊಡುವುದಿಲ್ಲ.

ಸರ್ವಿಸ್ ಹೆಸರಿನ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಅದು ಬರುವುದು ಸಾಮಾನ್ಯವಾಗಿ /ಇಟಿಸಿ/ಸರ್ವಿಸಸ್ ಪಟ್ಟಿಯಿಂದ, ಆ ಪೋರ್ಟಿನಲ್ಲಿ ನಿಜವಾಗಿ ಏನು ಓಡುತ್ತಿದೆ ಅಂತ ಯಾರೂ ನೋಡುವುದಿಲ್ಲ. ಕ್ಲೈಂಟಿನ ಪೋರ್ಟಿಗಂತೂ ಹೆಸರು ಕೇಳುವುದೇ ದಂಡ. ಲಿನಕ್ಸ್ ಅದನ್ನು ಡೀಫಾಲ್ಟಾಗಿ 32768ರಿಂದ 60999ರ ಒಳಗೆ ಎಲ್ಲಿಂದಲೋ ಎತ್ತಿ ಕೊಟ್ಟಿರುತ್ತದೆ. ಯುಡಿಪಿ ಆದರೆ ಎನ್‌ಐ_ಡಿಗ್ರಾಂ ಹಾಕಿ: 514 ಟಿಸಿಪಿಯಲ್ಲಿ ಶೆಲ್, ಯುಡಿಪಿಯಲ್ಲಿ ಸಿಸ್‌ಲಾಗ್.

ಇನ್ನು, ಬಂದ ಹೆಸರನ್ನು ನಂಬಿ ಯಾರನ್ನೂ ಒಳಗೆ ಬಿಡಬೇಡಿ. ಪಿಟಿಆರ್ ರೆಕಾರ್ಡ್ ಬರೆಯುವವರು ಆ ಐಪಿ ಬ್ಲಾಕಿನ ಯಜಮಾನರು, ಅವರು ನಿಮ್ಮ ಆಫೀಸಿನ ಡೊಮೈನ್ ಹೆಸರನ್ನೇ ಬರೆದರೂ ತಡೆಯುವವರಿಲ್ಲ. ಹೆಸರು ಸಿಕ್ಕ ಮೇಲೆ ಅದನ್ನೇ ಗೆಟ್‌ಅಡ್ರ್‌ಇನ್ಫೋಗೆ ಕೊಟ್ಟು, ಬಂದ ಅಡ್ರೆಸ್‌ಗಳಲ್ಲಿ ಕ್ಲೈಂಟಿನ ಮೂಲ ಅಡ್ರೆಸ್ ಇದೆಯಾ ನೋಡಿ. ಅದಕ್ಕೂ ಮುಂಚೆ ಎಐ_ನ್ಯೂಮೆರಿಕ್‌ಹೋಸ್ಟ್ ಹಾಕಿ ಒಮ್ಮೆ ಕೇಳಿ. ಅದು ಪಾಸಾದರೆ ಯಾರೋ ಹೆಸರಿನ ಜಾಗದಲ್ಲಿ ಐಪಿ ಅಡ್ರೆಸ್ಸಿನಂತೆ ಕಾಣುವುದನ್ನು ತುರುಕಿದ್ದಾರೆ, ಎಸೆದುಬಿಡಿ.

ಎರರ್ ಬಂದರೆ ಪೆರರ್ ಕರೆಯಬೇಡಿ, ವಾಪಸ್ ಬಂದ ಸಂಖ್ಯೆಯನ್ನು ಜಿಎಐ_ಸ್ಟ್ರೆರರ್‌ಗೆ ಕೊಡಿ. ಎರ್‌ನೋ ನೋಡಬೇಕಾದದ್ದು ಇಎಐ_ಸಿಸ್ಟಮ್ ಬಂದಾಗ ಮಾತ್ರ. ಇಎಐ_ಅಗೇನ್ ಅಂದರೆ ಸ್ವಲ್ಪ ಹೊತ್ತು ಬಿಟ್ಟು ಕೇಳಿ, ಇಎಐ_ಓವರ್‌ಫ್ಲೋ ಅಂದರೆ ಬಫರ್ ಚಿಕ್ಕದಾಯಿತು.

ಪ್ರೋಗ್ರಾಮ್ ಒಂದು ಹೆಸರು, ಡಿಗ್ ಕಮಾಂಡ್ ಇನ್ನೊಂದು ಹೆಸರು ತೋರಿಸಿದರೆ ಕೋಡ್ ಕೆದಕುವ ಮೊದಲು ಗೆಟ್‌ಎಂಟ್ ಹೋಸ್ಟ್ಸ್ ಅಂತ ಟೈಪ್ ಮಾಡಿ, ಮುಂದೆ ಆ ಐಪಿ ಕೊಟ್ಟು ನೋಡಿ. ಡಿಗ್ ನೇರವಾಗಿ ಡಿಎನ್‌ಎಸ್ ಕೇಳುತ್ತದೆ, ಗೆಟ್‌ಎಂಟ್ ನಿಮ್ಮ ಪ್ರೋಗ್ರಾಮಿನ ಹಾಗೆ ಎನ್‌ಎಸ್‌ಸ್ವಿಚ್ ದಾರಿಯಲ್ಲೇ ಹೋಗುತ್ತದೆ. ಗೆಟ್‌ಎಂಟ್ ಕೂಡ ನಿಮ್ಮ ಪ್ರೋಗ್ರಾಮ್ ಹೇಳಿದ್ದನ್ನೇ ಹೇಳಿದರೆ, /ಇಟಿಸಿ/ಹೋಸ್ಟ್ಸ್ ಫೈಲಿನಲ್ಲಿ ಯಾರೋ ಯಾವಾಗಲೋ ಹಾಕಿ ಮರೆತ ಸಾಲು ಇದೆಯಾ ಅಂತ ಮೊದಲು ಹುಡುಕಿ.