ಮಾತ್ರೆ ಬದಲಾದಂಗೆ ಕಾಟನೂ ಬದಲಾಯ್ತು

ಎಚ್‌ಐವಿಗೆ ಸರ್ಕಾರ ಫ್ರೀ ಕೊಡೋ ಮಾತ್ರೆ, ಅಂದ್ರೆ ಎಆರ್‌ಟಿ, ನಮ್ಮ ದೇಶದಲ್ಲಿ ಶುರುವಾಗಿದ್ದು 2004ರಲ್ಲಿ, ನಾನು ಶುರು ಮಾಡಿದ್ದು 2008ರಲ್ಲಿ. ಹೊಸದಾಗಿ ಬರೋರು ಎಆರ್‌ಟಿ ಸೆಂಟರ್ ಕ್ಯೂನಲ್ಲಿ "ಅಕ್ಕ, ಈ ಮಾತ್ರೆ ತಡ್ಕೊಳೋಕಾಗುತ್ತಾ" ಅಂತಾರೆ. ಯಾವ ಮಾತ್ರೆ ಅಂತ ನಾನು ವಾಪಸ್ ಕೇಳ್ತೀನಿ, ಯಾಕಂದ್ರೆ ಒಂದೊಂದ್ರದ್ದು ಒಂದೊಂದು ಕಾಟ, ಎಲ್ಲಾದಕ್ಕೂ "ಹೀಟ್ ಆಗಿದೆ, ಮಜ್ಜಿಗೆ ಕುಡಿ" ಅಂದ್ರೆ ಆಗಲ್ಲ.

ನನಗೆ ಮೊದಲು ಕೊಟ್ಟಿದ್ದು ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಾಪಿನ್. ನೆವಿರಾಪಿನ್ ಮೊದಲ 14 ದಿನ ಒಂದೇ ಹೊತ್ತು, ಆಮೇಲೆ ಎರಡು ಹೊತ್ತು, ದದ್ದು ಕಮ್ಮಿ ಬರ್ಲಿ ಅಂತ ಹಂಗೆ. ಸಣ್ಣ ದದ್ದು ಬಂದ್ರೂ ತೋರಿಸಿ, ಜೊತೆಗೆ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪಾಗೋದು ಇದ್ರೆ ಅವತ್ತೇ ಓಡಿ ಬನ್ನಿ ಅಂತ ಕೌನ್ಸೆಲರ್ ಹೇಳಿದ್ರು. ನನಗೆ ಕೈಮೇಲೆ ಸ್ವಲ್ಪ ಬಂದು ಹೋಯ್ತು ಅಷ್ಟೇ.

ನಿಜವಾಗ್ಲೂ ಕಾಡಿದ್ದು ಸ್ಟಾವುಡಿನ್. ನಾನು ಹೊಲಿಗೆ ಕೆಲಸದೋಳು, ಪೆಡಲ್ ತುಳಿಯೋ ಕಾಲೇ ಜೋಮು ಹಿಡೀತು, ರಾತ್ರಿ ಆದ್ರೆ ಅಂಗಾಲು ಕೆಂಡ ತುಳಿದಂಗೆ ಉರಿ. ಆಮೇಲೆ ಕೆನ್ನೆ ಒಳಗೆ ಹೋಯ್ತು, ಕೈಕಾಲಲ್ಲಿ ನರ ಎದ್ದು ಕಾಣೋಕೆ ಶುರುವಾಯ್ತು. ಆವಾಗ ಊರಲ್ಲಿ ಮುಖ ನೋಡಿ ಕಾಯಿಲೆ ಹೇಳೋ ಕಾಲ, ನಾನು ಯಾರ ಹತ್ರನೂ ಬಾಯಿಬಿಡದೆ ಗುಟ್ಟಾಗಿಟ್ಟಿದ್ದನ್ನ ಆ ಮಾತ್ರೆ ನನ್ನ ಮುಖದ ಮೇಲೇ ಬರೆದುಬಿಡ್ತು. ಡಬ್ಲ್ಯೂಎಚ್‌ಒ 2009ರಲ್ಲೇ ಅದನ್ನ ಬಿಡ್ತಾ ಬನ್ನಿ ಅಂತ ಹೇಳಿತ್ತು, ನಮ್ಮ ಕಡೆ ಪೂರ್ತಿ ನಿಲ್ಲೋಕೆ ಇನ್ನೂ ಕೆಲವು ವರ್ಷ ಹಿಡೀತು. ಬಿಟ್ಟ ಮೇಲೆ ಉರಿ ಕಮ್ಮಿಯಾಯ್ತು, ಜೋಮು ಪೂರ್ತಿ ಹೋಗ್ಲಿಲ್ಲ, ಕೆನ್ನೆನೂ ಮೊದಲಿನ ಥರ ತುಂಬ್ಲಿಲ್ಲ.

ಅದರ ಬದ್ಲು ಜಿಡೊವುಡಿನ್ ಬಂತು. ಮೊದಮೊದಲು ಒಗ್ಗರಣೆ ವಾಸನೆಗೇ ವಾಂತಿ, ಅದು ತಾನಾಗೇ ನಿಂತ್ಹೋಯ್ತು. ಉಗುರು ಕಪ್ಪಾಯ್ತು, ಅದರಿಂದ ಅಪಾಯ ಇಲ್ಲ. ಆದ್ರೆ ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು ಬರೋಕೆ ಶುರುವಾದಾಗ ರಕ್ತ ಪರೀಕ್ಷೆ ಮಾಡಿಸಿದ್ರೆ ಹಿಮೋಗ್ಲೋಬಿನ್ ಇಳಿದಿತ್ತು. ಮನೇಲಿ ಬೀಟ್‌ರೂಟು, ಖರ್ಜೂರ, ಕಬ್ಬಿಣದ ಟಾನಿಕ್ ಎಲ್ಲಾ ಆಯ್ತು. ರಕ್ತ ತಯಾರಾಗೋ ಮೂಳೆಮಜ್ಜೆಗೇ ಈ ಮಾತ್ರೆ ಅಡ್ಡ ಬರುತ್ತೆ, ಎಷ್ಟು ಟಾನಿಕ್ ಕುಡಿದ್ರೂ ಆಗಲ್ಲ, ಮಾತ್ರೆನೇ ಬದಲಾಯಿಸ್ಬೇಕು ಅಂದ್ರು ಡಾಕ್ಟ್ರು.

ಹಂಗೆ ಟಿಎಲ್‌ಇ ಬಂತು, ಟೆನೊಫೊವಿರ್, ಲ್ಯಾಮಿವುಡಿನ್, ಎಫಾವಿರೆಂಜ್, ಮೂರೂ ಸೇರಿ ದಿನಕ್ಕೊಂದೇ ಮಾತ್ರೆ. ಇದರದ್ದು ಕನಸಿನ ಕಾಟ, ಸತ್ತ ಅತ್ತೆ ಬಂದು ಜಗಳ ಆಡೋರು, ಬೆಳಗ್ಗೆ ಎದ್ರೆ ತಲೆ ತಿರುಗೋದು. ಎಣ್ಣೆ ತುಪ್ಪದ ಊಟದ ಮೇಲೆ ತಗೊಂಡ್ರೆ ಮೈಗೆ ಜಾಸ್ತಿ ಹತ್ತಿ ಕಾಟನೂ ಜಾಸ್ತಿ ಆಗುತ್ತೆ ಅಂತ ಸಂಜೆನೇ ಊಟ ಮುಗಿಸಿ ಮಲಗೋ ಹೊತ್ತಿಗೆ ನುಂಗೋಕೆ ಶುರು ಮಾಡ್ದೆ, ಕೆಲವು ವಾರದಲ್ಲಿ ಸರಿಹೋಯ್ತು. ಮನಸ್ಸು ತೀರಾ ಕುಗ್ಗಿದ್ರೆ, ಸಾಯೋ ಯೋಚನೆ ಬಂದ್ರೆ ಮಾತ್ರ ಸರಿಹೋಗುತ್ತೆ ಅಂತ ಕಾಯ್ಬಾರ್ದು, ತಕ್ಷಣ ಹೇಳ್ಬೇಕು.

ಈಗ ಟಿಎಲ್‌ಡಿ, ಎಫಾವಿರೆಂಜ್ ಜಾಗದಲ್ಲಿ ಡೊಲುಟೆಗ್ರಾವಿರ್. ಇಷ್ಟು ವರ್ಷದಲ್ಲಿ ಇದೇ ಹಗುರ ಅನ್ನಿಸ್ತು. ರಾತ್ರಿ ತಗೊಂಡ್ರೆ ನಿದ್ದೆ ಬರ್ತಿರ್ಲಿಲ್ಲ, ಸೆಂಟರಲ್ಲಿ ಕೇಳಿ ಬೆಳಗ್ಗೆಗೆ ಮಾಡ್ಕೊಂಡೆ. ಮಂಡಿ ನೋವಿಗೆ ಮಗಳು ಕ್ಯಾಲ್ಸಿಯಂ ತಂದಾಗ್ಲೂ ಕೇಳಿದ್ದು ಒಳ್ಳೇದಾಯ್ತು. ಕ್ಯಾಲ್ಸಿಯಂ, ಐರನ್ ಖಾಲಿ ಹೊಟ್ಟೇಲಿ ಇದರ ಜೊತೆ ತಗೊಂಡ್ರೆ ಎಚ್‌ಐವಿ ಮಾತ್ರೆ ಮೈಗೆ ಹತ್ತಲ್ಲ, ಊಟದ ಜೊತೆ ಆದ್ರೆ ಒಟ್ಟಿಗೆ ನುಂಗ್ಬಹುದು. ಇಲ್ಲಾಂದ್ರೆ ಎಚ್‌ಐವಿ ಮಾತ್ರೆನ 2 ಗಂಟೆ ಮುಂಚೆ ಅಥವಾ 6 ಗಂಟೆ ಆದ್ಮೇಲೆ. ಗ್ಯಾಸ್‌ಗೆ ಕುಡಿಯೋ ಸಿರಪ್ಪಿದ್ಯಲ್ಲ, ಅಲ್ಯೂಮಿನಿಯಂ ಮೆಗ್ನೀಶಿಯಂ ಇರೋದು, ಅದಕ್ಕೆ ಊಟದ ರಿಯಾಯ್ತಿನೂ ಇಲ್ಲ, ಗಂಟೆ ಲೆಕ್ಕನೇ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳೋರು ಡಾಕ್ಟ್ರಿಗೆ ಹೇಳ್ಲೇಬೇಕು, ದಿನಕ್ಕೆ 1000 ಮಿಲಿಗ್ರಾಂ ದಾಟದಂಗೆ ನೋಡ್ಕೋತಾರೆ. ಕಿಡ್ನಿ ಹೇಗಿದೆ ಅಂತ ನೋಡೋ ರಕ್ತ ಪರೀಕ್ಷೆಲಿ ಕ್ರಿಯಾಟಿನಿನ್ ಸ್ವಲ್ಪ ಏರಿದ್ದಕ್ಕೆ ನಾನು ಕಿಡ್ನಿ ಹೋಯ್ತು ಅಂತ ಅತ್ತಿದ್ದೆ. ಡೊಲುಟೆಗ್ರಾವಿರ್ ಕಿಡ್ನಿಗೆ ಏನೂ ಮಾಡದೇನೂ ಆ ನಂಬರ್ ಸ್ವಲ್ಪ ಏರಿಸುತ್ತಂತೆ, ಆದ್ರೆ ಟೆನೊಫೊವಿರ್ ನಿಜವಾಗ್ಲೂ ಕಿಡ್ನಿಗೆ ಪೆಟ್ಟು ಕೊಡ್ಬಹುದು, ಅದಕ್ಕೆ ಯೂರಿನ್ ಕೂಡ ನೋಡಿ ಆಮೇಲೆ ಧೈರ್ಯ ಹೇಳಿದ್ರು.

ಇನ್ನು ತೂಕ. ಒಂದು ಕಾಲದಲ್ಲಿ ಸಣ್ಣ ಆಗ್ತಿದ್ದೀನಿ ಅಂತ ಹೆದರ್ತಿದ್ದೋಳು ಈಗ ನನ್ನ ಬ್ಲೌಸ್ ನಾನೇ ಬಿಚ್ಚಿ ಅಗಲ ಮಾಡ್ಕೋತಿದ್ದೀನಿ. ಊರೋರು "ಚೆನ್ನಾಗಾಗಿದ್ದೀಯ" ಅಂತಾರೆ, ಡಾಕ್ಟ್ರು ಅನ್ನ ಕಮ್ಮಿ ಮಾಡಮ್ಮ ನಡಿಯಮ್ಮ ಅಂತಾರೆ. ವೈರಲ್ ಲೋಡ್, ಅಂದ್ರೆ ರಕ್ತದಲ್ಲಿರೋ ವೈರಸ್ ಲೆಕ್ಕ, ಕಂಟ್ರೋಲಲ್ಲಿದೆ, ಶುಗರ್ ಆಗಾಗ ನೋಡ್ತಾರೆ, ಮಾತ್ರೆ ಬದಲಾಯಿಸೋದು ಬೇಡ ಅಂದಿದ್ದಾರೆ. ನಡೀತಿದ್ದೀನಿ, ತೂಕ ಇನ್ನೂ ಇಳಿದಿಲ್ಲ.